ಹೋಟೆಲಿನ ಹುಡುಗನಿಗೆ ಪತ್ರಿಕೋದ್ಯಮದ ಪದವಿ ಯಾತಕ್ಕೆ?



ಹಡಪಸರದ ಹೋಟೆಲೊಂದರಲ್ಲಿ ಸಪ್ಲೈ ಮಾಡುವ ನಮ್ಮ ಹುಡುಗನೊಬ್ಬ ಸಂಘಕ್ಕೆ ಅರ್ಜಿ ಕೊಟ್ಟಿದ್ದಾನೆ. 17ನೇ ನಂಬರಿನ ಫಾರ್ಮು ತುಂಬಿ, ಶಾಲೆಯ ಮೆಟ್ಟಿಲು ಹತ್ತದೆ, ಹತ್ತನೆಯದನ್ನೂ ಹನ್ನೆರಡನೆಯದನ್ನೂ ಪಾಸು ಮಾಡಿಕೊಂಡವನು. ಈಗ ಪತ್ರಿಕೋದ್ಯಮದಲ್ಲಿ ಬಿ.ಎ. ಓದಬೇಕು, ಫೀಜಿಗೆ ಕ್ಷೇಮನಿಧಿಯಿಂದ ನೆರವಾಗಬೇಕು ಎಂದು ಬರೆದಿದ್ದಾನೆ. ಹೋದ ಸಭೆಯಲ್ಲಿ ಇದನ್ನು ಓದಿದಾಗ ನಕ್ಕವರೇ ಹೆಚ್ಚು. "ನಾಳೆ ಇವನು ಎಡಿಟರು, ನಾವು ಇವನ ಟೇಬಲಿಗೆ ಚಹಾ ಒಯ್ಯುವುದು" ಎಂದರು ಒಬ್ಬರು. ನಾನೂ ನಕ್ಕೆ. ರಾತ್ರಿ ಮಲಗಿದಾಗ ಆ ನಗೆ ಸರಿಯೆನಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನಿನ್ನೂ ಅಡುಗೆಮನೆಯಲ್ಲಿದ್ದಾಗ ಗ್ಯಾಸಿನ ಬೆಂಕಿ ಹೊತ್ತಿ ನಮ್ಮ ಜೊತೆಯ ಹುಡುಗನ ಎರಡೂ ಕೈ ಸುಟ್ಟವು. ಮರುದಿನ ಪತ್ರಿಕೆಯಲ್ಲಿ ಫ್ರಿಜ್ಜು, ಮೇಜು, ಕುರ್ಚಿ ಸುಟ್ಟ ಲೆಕ್ಕ ಬಂತು, ಧಣಿಗಳಿಗಾದ ನಷ್ಟ ಬಂತು. ಹುಡುಗನ ಸುದ್ದಿ ಒಂದು ಸಾಲೂ ಇರಲಿಲ್ಲ. ನಾವು ನಾಲ್ಕೈದು ಜನ ಕೂತು ನಾಲ್ಕು ಪುಟದ ಕಾಗದ ಬರೆದು ಕಳಿಸಿದೆವು. ಅದು ಅಚ್ಚಾಗಲಿಲ್ಲ. ಆ ಕಾಗದದ ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ. ಮೊದಲ ಪುಟವಿಡೀ ನಮಸ್ಕಾರ ಮತ್ತು ಗೋಳು. ಯಾವ ರಸ್ತೆ, ಎಷ್ಟು ಹೊತ್ತಿಗೆ, ಯಾರಿಗೆ ಎಷ್ಟು ಗಾಯ ಎಂಬುದು ಮೂರನೆಯ ಪುಟದ ಕೊನೆಗೆ! ಪತ್ರಿಕೆಯವರನ್ನು ಬೈದೆವು ನಿಜ, ಬರೆಯಲು ನಮಗೂ ಬರುತ್ತಿರಲಿಲ್ಲ. ಹಿಟ್ಟು ಹುದುಗು ಬಂದಿದೆಯೇ ಎಂದು ಭಟ್ಟರಿಗೆ ತಿಳಿಯುವುದು ವರ್ಷಗಟ್ಟಲೆ ಕಲಿತ ಮೇಲೆ. ಬಾತ್ಮೀದಾರನ ಕೆಲಸವೂ ಹಾಗೆ ಕಲಿಯತಕ್ಕ ಕೆಲಸ.

ಪದವಿಯಿಲ್ಲದೆಯೇ ದೊಡ್ಡ ಪತ್ರಕರ್ತರಾದವರಿಲ್ಲವೇ ಎಂದು ಕೆಲವರು ಕೇಳಿದರು. ಇದ್ದಾರೆ. ಕೃಷ್ಣರಾವ್ ಭಾಲೇಕರರು 1877ರಲ್ಲಿ ಇದೇ ಪುಣೆಯಲ್ಲಿ 'ದೀನಬಂಧು' ಆರಂಭಿಸಿದರು. 1880ರಲ್ಲಿ ಅದನ್ನು ಮುಂಬಯಿಯಲ್ಲಿ ಕೈಗೆತ್ತಿಕೊಂಡ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿಯ ಸ್ಟೋರ್‌ಕೀಪರಾಗಿದ್ದವರು. 1890ರಲ್ಲಿ ಗಿರಣಿ ಕೂಲಿಗಾರರಿಗೆ ಭಾನುವಾರದ ರಜೆ ಸಿಕ್ಕಿದ್ದು ಅವರ ಹೋರಾಟದಿಂದ. ಆದರೆ ಅಂದು ಪತ್ರಿಕಾ ಕಚೇರಿಯ ಬಾಗಿಲಲ್ಲಿ ಯಾರೂ ಸರ್ಟಿಫಿಕೇಟು ಕೇಳುತ್ತಿರಲಿಲ್ಲ. ಇಂದು ಅರ್ಜಿಯ ಮೊದಲ ಸಾಲೇ ಅದು. ಲೋಖಂಡೆಯವರ ಹೆಸರು ಹೇಳಿ ಈ ಹುಡುಗನಿಗೆ ಪದವಿ ಬೇಡವೆನ್ನುವುದು ಅನ್ಯಾಯ.

ಎಲ್ಲಿ ಓದಬೇಕೆಂಬುದೂ ಸುಲಭವಲ್ಲ. 1897ರ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆಯವರು ರೋಗಿಗಳ ಶುಶ್ರೂಷೆ ಮಾಡಿ ತಾವೂ ಅದಕ್ಕೆ ತುತ್ತಾದದ್ದು ನಮ್ಮ ಹಡಪಸರದ ಸಾಸನೆ ಮಳಾದ ದವಾಖಾನೆಯ ಸೇವೆಯಲ್ಲಿ. 2014ರಿಂದ ಪುಣೆಯ ವಿಶ್ವವಿದ್ಯಾಲಯಕ್ಕೆ ಆ ತಾಯಿಯದೇ ಹೆಸರು. ಅದರ ಪತ್ರಿಕೋದ್ಯಮ ವಿಭಾಗ, ಜನ ರಾನಡೆ ಇನ್‌ಸ್ಟಿಟ್ಯೂಟ್ ಎನ್ನುವುದು, 1964ರಷ್ಟು ಹಿಂದಿನದು. ಆದರೆ ಅಲ್ಲಿ ಎಂ.ಎ. ಮಟ್ಟದ ತರಗತಿಗೆ ಸೇರಲು ಮೊದಲೇ ಒಂದು ಪದವಿ ಕೈಯಲ್ಲಿರಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲೇ ಬಿ.ಎ.ಗೆ ಈ ವಿಷಯ ತಂದರು. ಪುಣೆಯಲ್ಲಿ ದುಡಿದು ಊರಿಗೆ ಹಣ ಕಳಿಸುವವನಿಗೆ ಮೈಸೂರು ದೂರ. ಉಳಿದದ್ದು 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ. ಹನ್ನೆರಡನೆಯದು ಮುಗಿಸಿದವರು ದುಡಿಯುತ್ತಲೇ ಅಲ್ಲಿ ಪತ್ರಿಕೋದ್ಯಮದ ಬಿ.ಎ. ಓದಬಹುದು, ಮೂರು ವರ್ಷ. ಹುಡುಗ ಕೇಳಿರುವುದು ಇದನ್ನೇ.

ಮುಂಬಯಿಯಲ್ಲಿ ನಮ್ಮವರು ಮೊಗವೀರ ರಾತ್ರಿಶಾಲೆ, ಗುರುನಾರಾಯಣ ರಾತ್ರಿಶಾಲೆಗಳನ್ನು ಕಟ್ಟಿದ್ದು ಹಗಲು ಲೋಟ ತೊಳೆದ ಹುಡುಗರು ರಾತ್ರಿ ಓದಲೆಂದು. ಕಲಿತವರೆಲ್ಲ ಹೋಟೆಲಿನಲ್ಲೇ ಉಳಿಯಬೇಕೆಂದು ಆ ಹಿರಿಯರು ಬರೆಸಿಕೊಳ್ಳಲಿಲ್ಲ. ನಮ್ಮ ಕಮಿಟಿಯ ಕೆಲವರು ಮಾತ್ರ, ಫೀಜು ಕೊಡೋಣ, ಆದರೆ ಮೂರು ವರ್ಷ ಸಂಘದ ಪತ್ರಿಕೆಗೆ ಪುಕ್ಕಟೆ ದುಡಿಯುವುದಾಗಿ ಬರೆಸಿಕೊಳ್ಳೋಣ ಎನ್ನುತ್ತಾರೆ. ಮುಂಗಡ ಕೊಟ್ಟು ಹುಡುಗರನ್ನು ಕಟ್ಟಿಹಾಕುವ ಧಣಿಗಳನ್ನು ಪ್ರತಿ ಸಂಚಿಕೆಯಲ್ಲಿ ಬೈಯುವವರು ನಾವೇ ಅಲ್ಲವೇ? ಅವನು ಓದಿ ನಮ್ಮನ್ನು ಬಿಟ್ಟು ಹೋಗಬಹುದು. ಹೋಗಲಿ. ಯಾವುದಾದರೂ ಪತ್ರಿಕೆಯ ಮೇಜಿನಲ್ಲಿ ಕೂತು, ಬೆಂಕಿ ಬಿದ್ದ ದಿನ ಕುರ್ಚಿ ಎಣಿಸುವ ಮೊದಲು ಅಡುಗೆಮನೆಯಲ್ಲಿ ಯಾರಿದ್ದರೆಂದು ಕೇಳಿದರೆ ನಮ್ಮ ಹಣ ವಸೂಲು.

ಅವನಿಗೆ ಫೀಜಿಗಿಂತ ಕಷ್ಟವಾದದ್ದು ಹೊತ್ತು. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವವನು ಯಾವಾಗ ಓದಬೇಕು? ಒಂದೇ ಪಾಳಿ ಕೊಡಿರೆಂದು ಅವನ ಧಣಿಗಳನ್ನು ಕೇಳಲು ನಾನೂ ಕಾರ್ಯದರ್ಶಿಗಳೂ ಬರುವ ಸೋಮವಾರ ಹೋಗುತ್ತಿದ್ದೇವೆ. ಅರ್ಜಿ ಮುಂದಿನ ಸಭೆಯಲ್ಲಿ ಮತಕ್ಕೆ ಬರುತ್ತದೆ. ಹೋದ ಸಲ ನಕ್ಕವರು ದಯವಿಟ್ಟು ತಪ್ಪದೆ ಬರಬೇಕು.