ಫೋರ್ಕಿನ ಬಾಗು

ಗದಗ-ಬೆಟಗೇರಿಯ ಓಣಿಗಳಲ್ಲಿ ನೀರಿನ ಕೊಡ, ಹಾಲಿನ ಕ್ಯಾನು ಹೊತ್ತು ಓಡಾಡುವ ಹಳೆಯ ಕರಿ ಸೈಕಲ್ಲನ್ನು ಪಕ್ಕದಿಂದ ನೋಡಿ. ಮುಂದಿನ ಫೋರ್ಕಿನ ತುದಿ ಮುಂದಕ್ಕೆ ಬಾಗಿರುತ್ತದೆ. ಕುಲುಕಾಟ ತಡೆಯಲಿಕ್ಕೆ ಎನ್ನುವವರುಂಟು. ಅದರಲ್ಲಿ ತುಸು ನಿಜವಿದೆ, ಆದರೆ ಬಾಗಿನ ಮುಖ್ಯ ಕೆಲಸ ಬೇರೆ.

ಹ್ಯಾಂಡಲ್ಲಿನ ಓರೆ ಕೊಳವೆಯನ್ನು ಅದೇ ಓರೆಯಲ್ಲಿ ನೆಲದವರೆಗೆ ಎಳೆದಂತೆ ಊಹಿಸಿಕೊಳ್ಳಿ. ಆ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಗಾಲಿ ನೆಲ ಮುಟ್ಟುವ ಜಾಗ ಒಂದಿಷ್ಟು ಹಿಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ, ಇದು ಅತಿಯಾಗದಂತೆ ನೋಡಿಕೊಳ್ಳುವುದೇ ಬಾಗಿನ ಕೆಲಸ. ಆಸ್ಪತ್ರೆಯ ಸ್ಟ್ರೆಚರಿನ ಸಣ್ಣ ಗಾಲಿಯಂತೆ ಮುಂದಿನ ಗಾಲಿಯೂ ತನ್ನ ಕೀಲಿನ ಹಿಂದೆ ಬರುತ್ತದೆ, ಸೈಕಲ್ ವಾಲಿದ ಕಡೆಗೆ ತಾನೇ ಹೊರಳುತ್ತದೆ. ಹುಡುಗರು ಕೈಬಿಟ್ಟು ಸೈಕಲ್ ಹೊಡೆಯುವುದಕ್ಕೆ ಇದರ ಆಸರೆ ದೊಡ್ಡದು.

ಲೆಕ್ಕ ಹಾಕಿದರೆ ಮೋಜಿನ ಸಂಗತಿ ಸಿಗುತ್ತದೆ. 28 ಇಂಚಿನ ಕರಿ ಸೈಕಲ್ಲಿನ ಕೊಳವೆ ನೆಲಕ್ಕೆ 68 ಡಿಗ್ರಿ, ಬಾಗು 75 ಮಿಲಿಮೀಟರ್ ಎಂದುಕೊಂಡರೆ ಟ್ರೇಲ್ ಸುಮಾರು 63 ಮಿ.ಮೀ. 73 ಡಿಗ್ರಿಯ, 45 ಮಿ.ಮೀ. ಬಾಗಿನ ರೇಸ್ ಸೈಕಲ್ಲಿನದು 56. ನೋಡಲು ಅಜಗಜಾಂತರ, ಟ್ರೇಲ್ ಮಾತ್ರ ಹತ್ತಿರ ಹತ್ತಿರ. ಕೊಳವೆ ಹೆಚ್ಚು ಮಲಗಿದ್ದರಿಂದ ಬೆಳೆಯಬೇಕಿದ್ದ ಟ್ರೇಲನ್ನು ಆ ಉದ್ದ ಬಾಗು ನುಂಗಿಬಿಡುತ್ತದೆ. ಗುಡ್ಡದ ಸೈಕಲ್ಲಿನ ಲೆಕ್ಕವೇ ಬೇರೆ. ಅಂಥ ಕೆಲವು ಸೈಕಲ್ಲುಗಳ ಟ್ರೇಲ್ 120 ದಾಟುತ್ತದೆ. ಇಳಿಜಾರಿನಲ್ಲಿ ನೆಟ್ಟಗೆ ಧಾವಿಸುತ್ತವೆ, ಏರಿನಲ್ಲಿ ನಿಧಾನವಾದರೆ ಹ್ಯಾಂಡಲ್ಲು ಅತ್ತಿತ್ತ ಬೀಳುತ್ತದೆ. ಕಪ್ಪತಗುಡ್ಡದ ಸೀಮೆಗೆ ಹೊಂದಬಹುದು, ಗದಗದ ಸಂತೆಯ ಗದ್ದಲಕ್ಕೆ ಒಗ್ಗದು.

ಬ್ರಿಟನ್ನಿನ ವಿಜ್ಞಾನಿ ಡೇವಿಡ್ ಜೋನ್ಸ್ ಟ್ರೇಲಿನ ಪ್ರಭಾವವನ್ನು ಕೈಯಾರೆ ಪರೀಕ್ಷಿಸಿ 1970ರಲ್ಲಿ ಪ್ರಕಟಿಸಿದರು. ಫೋರ್ಕನ್ನು ಹಿಂದುಮುಂದಾಗಿ ತಿರುಗಿಸಿ ಟ್ರೇಲ್ ಹೆಚ್ಚಿಸಿದಾಗ, ಸವಾರನಿಲ್ಲದೆ ದೂಡಿದರೂ ಸೈಕಲ್ ಬೀಳದೆ ಓಡಿತು. ಗಾಲಿಯನ್ನು ನಾಲ್ಕು ಇಂಚು ಮುಂದೆ ಕೂರಿಸಿದಾಗ ಹೊಡೆಯುವುದೇ ಕಷ್ಟವಾಯಿತು. ಟ್ರೇಲೇ ಸರ್ವಸ್ವ ಎಂದೂ ಅಲ್ಲ. 2011ರಲ್ಲಿ ವಿಜ್ಞಾನಿಗಳು ಟ್ರೇಲ್ ಸೊನ್ನೆಗಿಂತ ಕಡಿಮೆಯಿದ್ದೂ ತಾನೇ ಸಮತೋಲ ಕಾಯುವ ಸೈಕಲ್ ಮಾಡಿ ತೋರಿಸಿದರು. ತೂಕ ಎಲ್ಲೆಲ್ಲಿ ಕೂತಿದೆ ಎಂಬುದೂ ಮುಖ್ಯ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹೊಲದ ದಾರಿಯಲ್ಲಿ ತಗ್ಗಿಗೆ ಬಿದ್ದು ಫೋರ್ಕ್ ಹಿಂದಕ್ಕೆ ಮಣಿದರೆ ಟ್ರೇಲ್ ಏರುತ್ತದೆ, ಹ್ಯಾಂಡಲ್ಲು ಭಾರವಾಗುತ್ತದೆ. 40 ಮಿ.ಮೀ. ಬಾಗು ಹೋದರೆ 63 ಇದ್ದದ್ದು 106 ಆಗುತ್ತದೆ. ಪೈಪು ಹಾಕಿ ಎಳೆದು ಕಣ್ಣಂದಾಜಿನಲ್ಲಿ ಸರಿಮಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಒಮ್ಮೆ ಮಣಿದ ಉಕ್ಕು ದುರ್ಬಲವಾಗಿರುತ್ತದೆ. ಹೊಸ ಫೋರ್ಕ್ ಕೊಳ್ಳುವಾಗ ಗಾಲಿಯ ಅಳತೆಯನ್ನಷ್ಟೇ ಹೇಳಿ ಬರಬೇಡಿ, ಅದೇ ಮಾದರಿಯ ಸರಿಯಿರುವ ಫೋರ್ಕಿನ ಪಕ್ಕ ಇಟ್ಟು ಬಾಗನ್ನೂ ಹೋಲಿಸಿ ನೋಡಿ.