ಕೀಟನಾಶಕದ ಬೆನ್ನಿಗೆ ನಿಲ್ಲುವ ರಾಸಾಯನಿಕ

ಪೈರೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿದಾಗ ನೊಣ ತಟ್ಟನೆ ಉರುಳಿ ಬೀಳುತ್ತದೆ. ಸತ್ತಿತು ಎಂದುಕೊಂಡರೆ, ಎಷ್ಟೋ ಸಲ ಕೆಲವು ಗಂಟೆಗಳಲ್ಲಿ ಕಾಲು ಆಡಿಸಿ, ಎದ್ದು ಹಾರಿಹೋಗುತ್ತದೆ. ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳು ಆ ಹೊತ್ತಿಗೆ ಅದರ ಮೈಯಲ್ಲಿದ್ದ ವಿಷವನ್ನು ಒಡೆದುಹಾಕಿರುತ್ತವೆ. ಇಂಥ ಕಿಣ್ವಗಳನ್ನು ಕಟ್ಟಿಹಾಕುವ ರಾಸಾಯನಿಕವೇ ಸಿನರ್ಜಿಸ್ಟ್. ಅದು ತಾನಾಗಿ ಕೊಲ್ಲುವುದು ಇಲ್ಲವೆನ್ನುವಷ್ಟು ಕಡಿಮೆ. ಕೊಲ್ಲುವ ವಿಷಕ್ಕೆ ಎದುರಾಳಿ ಇಲ್ಲದಂತೆ ಮಾಡುವುದಷ್ಟೇ ಅದರ ಕೆಲಸ.

ಇದರ ಹುಟ್ಟಿನಲ್ಲಿ ಎಳ್ಳೆಣ್ಣೆಯ ಪಾತ್ರವಿದೆ. ಸೇವಂತಿಗೆಯ ಬಳಗದ ಹೂವಿನಿಂದ ತೆಗೆಯುವ, ಪೈರೆಥ್ರಿನ್ ಇರುವ ಪೈರೆಥ್ರಮ್ ದುಬಾರಿಯಾಗಿದ್ದ ಕಾಲದಲ್ಲಿ, ಅದಕ್ಕೆ ಎಳ್ಳೆಣ್ಣೆ ಬೆರೆಸಿದರೆ ಕಡಿಮೆ ಔಷಧಿಯಲ್ಲೇ ನೊಣ ಸಾಯುತ್ತದೆಂಬುದು 1940ರ ಸುಮಾರಿಗೆ ಅಮೆರಿಕದಲ್ಲಿ ಗೊತ್ತಾಯಿತು. ಎಳ್ಳಿನಲ್ಲಿರುವ ಸೆಸಮಿನ್ ಮತ್ತು ಸೆಸಮೊಲಿನ್ ಇದಕ್ಕೆ ಕಾರಣ. ಅವುಗಳ ರಚನೆಯ ಜಾಡು ಹಿಡಿದು 1947ರಲ್ಲಿ ತಯಾರಾದದ್ದು ಪೈಪರೊನಿಲ್ ಬ್ಯುಟಾಕ್ಸೈಡ್, ಚಿಕ್ಕದಾಗಿ ಪಿಬಿಒ. ಇಂದಿಗೂ ಅತಿ ಹೆಚ್ಚು ಬಳಕೆಯಲ್ಲಿರುವ ಸಿನರ್ಜಿಸ್ಟ್ ಅದೇ. ಅಮೆರಿಕದಲ್ಲಿ ಸಿಗುವ ಹೇನಿನ ಶಾಂಪೂವಿನಲ್ಲಿ ಪೈರೆಥ್ರಿನ್ 0.33% ಇದ್ದರೆ ಪಿಬಿಒ 4% ಇರುತ್ತದೆ. ಅಲ್ಲಿ ಯಜಮಾನನಿಗಿಂತ ಸಹಾಯಕನದೇ ಹನ್ನೆರಡು ಪಾಲು.

ಒಂಟಿಯಾಗಿ ತೂಗಿದರೆ ಪಿಬಿಒ ಸಾಧು ವಸ್ತು. ಪ್ರಯೋಗದ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ದೇಹತೂಕದ ಪ್ರತಿ ಕಿಲೋಗೆ 4.5 ಗ್ರಾಮಿಗೂ ಹೆಚ್ಚು ತಿನ್ನಿಸಬೇಕು. ಚರ್ಮದ ಮೂಲಕ ಒಳಹೋಗುವುದು ಸುಮಾರು 2% ಮಾತ್ರ. ಕಿಲೋಗೆ 0.71 ಮಿಲಿಗ್ರಾಂನಂತೆ ಮನುಷ್ಯರಿಗೇ ಕೊಟ್ಟು 1972ರಲ್ಲಿ ಪರೀಕ್ಷಿಸಿದಾಗ, ಯಕೃತ್ತು ಔಷಧಿಗಳನ್ನು ಕರಗಿಸುವ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕ್ಯಾನ್ಸರ್ ಬಗ್ಗೆ ಮಾತ್ರ ಒಮ್ಮತವಿಲ್ಲ. ಆಹಾರದಲ್ಲಿ 1%ಗೂ ಮೀರಿ ಬೆರೆಸಿ ದೀರ್ಘಕಾಲ ತಿನ್ನಿಸಿದ ಇಲಿಗಳ ಯಕೃತ್ತಿನಲ್ಲಿ ಗೆಡ್ಡೆಗಳಾದವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ‘ಸಂಭವನೀಯ’ ಕ್ಯಾನ್ಸರ್‌ಕಾರಕ ಎಂದಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಲಾಗದು ಎಂದು ಬದಿಗಿಟ್ಟಿತು. ಯಾವ ಮನೆಯಲ್ಲೂ ಯಾರೂ ಅಷ್ಟು ಪಿಬಿಒ ನುಂಗುವುದಿಲ್ಲವಾದ್ದರಿಂದ ಈ ಭಯವನ್ನು ಹಿಗ್ಗಿಸುವುದು ಬೇಡ.

ಹೆಚ್ಚು ಯೋಚಿಸಬೇಕಾದ್ದು ಗರ್ಭಿಣಿಯರ ವಿಚಾರ. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ತುಂಬು ಗರ್ಭಿಣಿಯರ ಬೆನ್ನಿಗೆ ಗಾಳಿ ಹೀರುವ ಉಪಕರಣವಿರುವ ಚೀಲ ಹಾಕಿ, ಎರಡು ದಿನ ಅವರು ಉಸಿರಾಡಿದ ಗಾಳಿಯನ್ನು ಅಳೆದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಚ್ಚು ಪಿಬಿಒ ಉಸಿರಾಡಿದ ತಾಯಂದಿರ ಮಕ್ಕಳು ಮೂರನೇ ವಯಸ್ಸಿನ ಬುದ್ಧಿ ಬೆಳವಣಿಗೆಯ ಪರೀಕ್ಷೆಯಲ್ಲಿ 3.9 ಅಂಕ ಹಿಂದಿದ್ದರು. ತಪ್ಪು ಪಿಬಿಒದ್ದೋ, ಅದರ ಜೊತೆಗಿದ್ದ ಪೈರೆಥ್ರಾಯ್ಡಿನದ್ದೋ (ಪೈರೆಥ್ರಿನ್ನಿನ ಮಾದರಿಯ ಕೃತಕ ಕೀಟನಾಶಕ) ಇದರಿಂದ ತಿಳಿಯದು. ಪೈರೆಥ್ರಾಯ್ಡನ್ನು ಗಾಳಿಯಲ್ಲಿ ಅಳೆಯುವುದು ಕಷ್ಟವಾದ್ದರಿಂದ ಅದರ ಗುರುತಾಗಿ ಪಿಬಿಒವನ್ನು ಅಳೆದದ್ದೂ ಇತ್ತು. ಜೊತೆಯಾಗಿಯೇ ಓಡಾಡುವ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ತೂಗಿ ಎರಡೂ ಸುರಕ್ಷಿತ ಎನ್ನುವ ಪದ್ಧತಿಯ ಕೊರತೆ ಇಲ್ಲೇ ಕಾಣುತ್ತದೆ.

ಆ ಕೊರತೆ ಪ್ರಾಣಕ್ಕೇ ಬಂದದ್ದು 1976ರಲ್ಲಿ, ಪಾಕಿಸ್ತಾನದಲ್ಲಿ. ಮಲೇರಿಯಾ ನಿಯಂತ್ರಣಕ್ಕಾಗಿ ಅಲ್ಲಿ ಸುಮಾರು 7,500 ಮಂದಿ ಮನೆಮನೆಗೆ ಮ್ಯಾಲಥಿಯಾನ್ ಎಂಬ ಕೀಟನಾಶಕ ಹೊಡೆಯುತ್ತಿದ್ದರು. ಸಸ್ತನಿಗಳ ಮಟ್ಟಿಗೆ ಮ್ಯಾಲಥಿಯಾನ್ ತನ್ನ ಗುಂಪಿನಲ್ಲಿ ಸೌಮ್ಯ ವಿಷ. ಕಾರ್ಬಾಕ್ಸಿಲೆಸ್ಟರೇಸ್ ಎಂಬ ಕಿಣ್ವ ಅದನ್ನು ಬೇಗ ನಿಷ್ಕ್ರಿಯಗೊಳಿಸುತ್ತದೆ. ಆದರೆ ಆ ವರ್ಷ ಬಂದ ಕೆಲವು ಸರಕಿನಲ್ಲಿ ಐಸೊಮ್ಯಾಲಥಿಯಾನ್ ಎಂಬ ಕಲ್ಮಶ ಸೇರಿಕೊಂಡಿತ್ತು. ಅದು ತಡೆದದ್ದು ಇದೇ ಕಿಣ್ವವನ್ನು. ಜುಲೈ ತಿಂಗಳೊಂದರಲ್ಲೇ ಅಂದಾಜು 2,800 ಕೆಲಸಗಾರರಿಗೆ ವಿಷವೇರಿತು, ಐವರು ಸತ್ತರು. ಯಾರೂ ಬೇಕೆಂದು ಬೆರೆಸದ ಸಿನರ್ಜಿಸ್ಟ್ ಅದು.

ಬೇಕೆಂದೇ ಬೆರೆಸುವುದೂ ಉಂಟು. ಭಾರತದಲ್ಲಿ ಹತ್ತಿಗೆ ಹೊಡೆಯುವ ಜನಪ್ರಿಯ ಮಿಶ್ರಣವೊಂದರಲ್ಲಿ ಪ್ರೊಫೆನೊಫಾಸ್ 40%, ಸೈಪರ್‌ಮೆಥ್ರಿನ್ 4% ಇರುತ್ತದೆ. ಪ್ರೊಫೆನೊಫಾಸ್ ತಾನೂ ವಿಷವೇ. ಜೊತೆಗೆ ಸೈಪರ್‌ಮೆಥ್ರಿನ್ನನ್ನು ಒಡೆಯುವ ಎಸ್ಟರೇಸ್ ಕಿಣ್ವಗಳನ್ನೂ ಅದು ತಡೆಯುತ್ತದೆ. ಆ ಕಿಣ್ವಗಳು ಹುಳುವಿನಲ್ಲಿರುವಂತೆ ಸ್ಪ್ರೇಯರ್ ಹೊತ್ತವನ ಮೈಯಲ್ಲೂ ಇವೆ. ಯವತ್ಮಾಳದಲ್ಲಿ 2017ರಲ್ಲಿ ಔಷಧಿ ಹೊಡೆಯುತ್ತಿದ್ದ ರೈತರು, ಕೂಲಿಗಳು ಸಾಲುಸಾಲಾಗಿ ಆಸ್ಪತ್ರೆ ಸೇರಿ, ಹಲವರು ಸತ್ತಾಗ ಮಹಾರಾಷ್ಟ್ರ ಸರ್ಕಾರ ತಾತ್ಕಾಲಿಕವಾಗಿ ಮಾರಾಟ ನಿಲ್ಲಿಸಿದ ಔಷಧಿಗಳಲ್ಲಿ ಈ ಮಿಶ್ರಣವೂ ಇತ್ತು. ಆಳೆತ್ತರ ಬೆಳೆದಿದ್ದ ಹತ್ತಿ, ಇಲ್ಲದ ಮುಖಗವಸು, ಬರಿಗೈ ಎಲ್ಲವೂ ಅಲ್ಲಿ ಸೇರಿದ್ದವು. ಬೆರಕೆಯೊಂದನ್ನೇ ದೂರಲಾಗದು, ಬಿಟ್ಟುಬಿಡಲೂ ಆಗದು.

ಸಿನರ್ಜಿಸ್ಟ್ ಎಂಬ ಹೆಸರೇ ಇಲ್ಲದ ವಸ್ತು ಆ ಕೆಲಸ ಮಾಡುವುದು ಇನ್ನೂ ಕಾಣದ ಅಪಾಯ. ಜೇನುನೊಣಗಳ ಮೇಲೆ 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪಿಬಿಒ ಬೆರೆತಾಗ ಅಸೆಟಾಮಿಪ್ರಿಡ್ ಕೀಟನಾಶಕದ ವಿಷ ಆರು ಪಟ್ಟು ಏರಿತು. ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ ಬೆರೆತಾಗ ಏರಿದ್ದು ನೂರು ಪಟ್ಟಿಗೂ ಹೆಚ್ಚು! ಮಲೆನಾಡಿನಲ್ಲಿ ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಹೊಡೆಯುವ ಔಷಧಿಗಳಲ್ಲಿ ಇದೇ ಪ್ರೊಪಿಕೊನಜೋಲ್ ಕೂಡ ಒಂದು. ರೋಗದ ಔಷಧಿಯನ್ನೂ ಹುಳದ ಔಷಧಿಯನ್ನೂ ಒಂದೇ ಕ್ಯಾನಿಗೆ ಸುರಿದು ಒಂದೇ ಕೂಲಿಯಲ್ಲಿ ಕೆಲಸ ಮುಗಿಸುವ ರೂಢಿ ಯಾವ ಬೆಳೆಗೂ ಹೊಸದಲ್ಲ.

ನೀರಿನಲ್ಲೂ ಹೀಗೆಯೇ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಮೇಲೆ 2005ರಲ್ಲಿ ಸೊಳ್ಳೆ ಕೊಲ್ಲಲು ವಿಮಾನದಿಂದ ಸಿಂಪಡಿಸಿದ ಪೈರೆಥ್ರಿನ್ನಿಂದ ಅಲ್ಲಿನ ತೊರೆಗಳಿಗೆ ತೊಂದರೆ ಕಾಣಲಿಲ್ಲ. ಜೊತೆಗಿದ್ದ ಪಿಬಿಒ ಮಾತ್ರ, ಹಿಂದೆಂದೋ ಮನೆ-ತೋಟಗಳಿಂದ ಹರಿದುಬಂದು ಕೆಸರಿನಲ್ಲಿ ಕೂತಿದ್ದ ಪೈರೆಥ್ರಾಯ್ಡ್‌ಗಳ ವಿಷವನ್ನು ಸುಮಾರು ಎರಡು ಪಟ್ಟು ಹೆಚ್ಚಿಸುವಷ್ಟಿತ್ತು. ಬಿಸಿಲು ಬಿದ್ದರೆ ಪಿಬಿಒ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ ಎಂಬುದಷ್ಟೇ ಸಮಾಧಾನ.

ಹಾಗೆಂದು ಸಿನರ್ಜಿಸ್ಟ್‌ಗಳನ್ನು ದೂರವಿಡುವ ಮಾತಿಲ್ಲ. ಆಫ್ರಿಕಾದ ಸೊಳ್ಳೆಗಳು ಪೈರೆಥ್ರಾಯ್ಡ್ ಇರುವ ಸೊಳ್ಳೆ ಪರದೆಗಳಿಗೆ ಜಗ್ಗದಂತಾದಾಗ, ಪಿಬಿಒ ಸೇರಿಸಿದ ಪರದೆಗಳು ಟಾಂಜಾನಿಯಾದ ಪ್ರಯೋಗದಲ್ಲಿ ಮೊದಲ ವರ್ಷ ಮಕ್ಕಳ ಮಲೇರಿಯಾ ಸೋಂಕನ್ನು 44% ಇಳಿಸಿದವು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಷರತ್ತಿನೊಂದಿಗೆ ಅವನ್ನು ಶಿಫಾರಸು ಮಾಡಿತು. ಒಳಗೆ ಮಲಗುವ ಮಗುವಿಗೆ ಪಿಬಿಒದಿಂದ ಆಗಬಹುದಾದ ಹಾನಿಗಿಂತ ಮಲೇರಿಯಾದ ಹಾನಿ ಎಷ್ಟೋ ದೊಡ್ಡದು.

ಬದಲಾಗಬೇಕಾದದ್ದು ಅಳೆಯುವ ಕ್ರಮ. ಭಾರತದಲ್ಲಿ ಔಷಧಿ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ತೋರಿಸುವುದು ಆ ಡಬ್ಬಿಯೊಳಗಿನ ವಿಷದ ತಕ್ಷಣದ ತೀವ್ರತೆಯನ್ನು ಮಾತ್ರ. ಕಂಪನಿ ಬೆರೆಸಿ ಮಾರುವ ಮಿಶ್ರಣಕ್ಕೆ ನೋಂದಣಿ ಬೇಕು, ಪರೀಕ್ಷೆ ಬೇಕು. ಹೊಲದ ಬದುವಿನಲ್ಲಿ ಬೆರೆಸುವುದಕ್ಕೆ ಏನೂ ಬೇಕಿಲ್ಲ. ಯಾವುದರ ಜೊತೆ ಯಾವುದನ್ನು ಬೆರೆಸಬಾರದು ಎಂಬುದನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ, ಓದಲಾಗುವ ಅಕ್ಷರದಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಕೃಷಿ ಇಲಾಖೆಯ ಶಿಫಾರಸಿನಲ್ಲಿ ಇಲ್ಲದ ಬೆರಕೆಯನ್ನು ಗೊಬ್ಬರದಂಗಡಿಯವರ ಮಾತು ಕೇಳಿ ಕ್ಯಾನಿಗೆ ಸುರಿಯದಿರುವುದೇ ಒಳ್ಳೆಯದು.