ಹಂದಿಗೋಡು ಕಾಯಿಲೆ: ಒಂದೇ ಆಪರೇಷನ್‌ಗೆ ಮುಗಿಯದ ಲೆಕ್ಕ

ಪ್ರತಿ ವರ್ಷ ಫೆಬ್ರವರಿಯ ಕೊನೆಯ ದಿನವನ್ನು ವಿಶ್ವ ಅಪರೂಪದ ಕಾಯಿಲೆಗಳ ದಿನವಾಗಿ ಆಚರಿಸಲಾಗುತ್ತದೆ. ಆಗೆಲ್ಲ ಕೋಟಿಗಟ್ಟಲೆ ಬೆಲೆಯ ಇಂಜೆಕ್ಷನ್, ಅದಕ್ಕಾಗಿ ನಡೆಯುವ ಕ್ರೌಡ್‌ಫಂಡಿಂಗ್ ಸುದ್ದಿಯಾಗುತ್ತವೆ. ಆದರೆ ಕರ್ನಾಟಕದ್ದೇ ಒಂದು ಹಳ್ಳಿಯ ಹೆಸರು ಹೊತ್ತ ಮೂಳೆ ಕಾಯಿಲೆಯ ಬಗ್ಗೆ ಮಾತು ಕಡಿಮೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯದಲ್ಲಿ ಈ ಕಾಯಿಲೆ ಮೊದಲು ಗಮನಕ್ಕೆ ಬಂತು. ಐದು ದಶಕ ಕಳೆದರೂ ಇದಕ್ಕೆ ಔಷಧವಿಲ್ಲ. ಇರುವ ದೊಡ್ಡ ಪರಿಹಾರ ಒಂದೇ: ಸವೆದ ಸೊಂಟದ ಕೀಲನ್ನು ತೆಗೆದು ಕೃತಕ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆ.

ಸಮಸ್ಯೆ ಇರುವುದೂ ಅಲ್ಲೇ. ನಮ್ಮ ಸರ್ಕಾರಿ ಯೋಜನೆಗಳು ಶಸ್ತ್ರಚಿಕಿತ್ಸೆಯನ್ನು ಒಂದು ಸಲದ ಖರ್ಚು ಎಂದು ನೋಡುತ್ತವೆ. ಈ ರೋಗಿಗಳಿಗೆ ಅದು ಜೀವನಪೂರ್ತಿ ನಡೆಯುವ ಲೆಕ್ಕ.

ಏನಿದು ಕಾಯಿಲೆ?

ತೊಡೆಮೂಳೆಯ ತುದಿ ಚೆಂಡಿನಂತೆ ದುಂಡಗಿದ್ದು, ಸೊಂಟದ ಮೂಳೆಯ ಬಟ್ಟಲಿನಂಥ ಗುಳಿಯಲ್ಲಿ ಸಲೀಸಾಗಿ ತಿರುಗುತ್ತದೆ. ಹಂದಿಗೋಡು ಕಾಯಿಲೆ ಇರುವವರಲ್ಲಿ ಮೂಳೆಯ ತುದಿಗಳ ಬೆಳವಣಿಗೆಯೇ ಸರಿಯಾಗಿ ಆಗುವುದಿಲ್ಲ. ಚೆಂಡು ಚಪ್ಪಟೆಯಾಗುತ್ತದೆ, ಬಟ್ಟಲು ಆಳವಿಲ್ಲದೆ ಉಳಿಯುತ್ತದೆ, ನಡುವಿನ ಮೃದ್ವಸ್ಥಿ ಬೇಗ ಸವೆಯುತ್ತದೆ. ಕೆಲವರಲ್ಲಿ ಬೆನ್ನುಮೂಳೆಗೂ ತೊಂದರೆ ಇರುತ್ತದೆ. ಕೆಲವರು ಕುಳ್ಳಗಾಗಿಯೇ ಉಳಿಯುತ್ತಾರೆ.

ನೋವು ಕೆಲವರಿಗೆ ಬಾಲ್ಯದಲ್ಲೇ ಶುರುವಾದರೆ, ಇನ್ನು ಕೆಲವರಿಗೆ ಯೌವನದಲ್ಲಿ ಅಥವಾ ನಡುವಯಸ್ಸಿನಲ್ಲಿ. ಮೊದಲು ಸೊಂಟ, ಮಂಡಿ ನೋವು. ನಂತರ ನಡಿಗೆ ವಾಲುತ್ತದೆ. ಕಾಯಿಲೆ ಹೆಚ್ಚಾದರೆ ಕೋಲು ಹಿಡಿಯಬೇಕು. ತೀವ್ರವಾದರೆ ತೆವಳಬೇಕಾದ ಸ್ಥಿತಿ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡು ಭಾಗದಲ್ಲಿ, ಅದರಲ್ಲೂ ದಲಿತ ಸಮುದಾಯಗಳ ಕೂಲಿ ಕುಟುಂಬಗಳಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ.

ಏಡಿಯಿಂದ ಜೀನ್‌ವರೆಗೆ

ಕಾಯಿಲೆ ಕಾಣಿಸಿಕೊಂಡದ್ದು ಹಸಿರು ಕ್ರಾಂತಿಯ ದಿನಗಳಲ್ಲಿ. ಗದ್ದೆಗೆ ಹೊಸದಾಗಿ ಕೀಟನಾಶಕ ಬಂದಿತ್ತು. ಗದ್ದೆಯ ಏಡಿ, ಮೀನು ತಿಂದವರಿಗೆ ವಿಷ ಏರಿದೆ ಎಂಬ ಶಂಕೆ ಮೊದಲು ಹುಟ್ಟಿತು. ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ತಜ್ಞರು ಹಳ್ಳಿಗಳಿಗೆ ಬಂದು ಪರಿಶೀಲಿಸಿದರು. 1977ರಲ್ಲಿ ಪ್ರಕಟವಾದ ಅಧ್ಯಯನವು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಗುರುತಿಸಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಲ್ಲಿ ನಡೆದ ಅಧ್ಯಯನಗಳು ಎಕ್ಸ್‌ರೇ ಮತ್ತು ವಂಶಾವಳಿಗಳನ್ನು ಪರಿಶೀಲಿಸಿ, ಇದು ಅನುವಂಶಿಕ ಮೂಳೆ ದೋಷ ಎಂಬ ನಿಲುವಿಗೆ ಬಂದವು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಸೋದರ ಸಂಬಂಧದ ಮದುವೆಗಳಿಂದಲೇ ಈ ಕಾಯಿಲೆ ಬಂತು ಎಂದು ಹಲವರು ಭಾವಿಸುತ್ತಾರೆ. ಆದರೆ ಅಧ್ಯಯನಗಳ ಪ್ರಕಾರ ಇದು ಪ್ರಬಲ ಅನುವಂಶೀಯತೆಯ ಕಾಯಿಲೆ. ಅಂದರೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಿಂದ ದೋಷದ ಜೀನ್ ಬಂದರೂ ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧದಷ್ಟು. ಹೊರಗಿನವರನ್ನು ಮದುವೆಯಾದರೂ ಅಪಾಯ ತಪ್ಪುವುದಿಲ್ಲ. ಇದು ಅಂಟುಜಾಡ್ಯವಂತೂ ಅಲ್ಲವೇ ಅಲ್ಲ. ಆ ಕುಟುಂಬಗಳನ್ನು ದೂರ ಇಡುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಆಪರೇಷನ್ ಏಕೆ ಕಷ್ಟ?

ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆ ಈಗ ದೇಶದ ನಗರಗಳಲ್ಲಿ ಮಾಮೂಲು. ಆದರೆ ಅದು ಮೊದಲು ರೂಪುಗೊಂಡದ್ದು ವಯಸ್ಸಾದವರಿಗಾಗಿ. ಹಂದಿಗೋಡು ರೋಗಿಯ ಮೂಳೆಯ ಆಕಾರವೇ ಬೇರೆ. ಬಟ್ಟಲು ಆಳವಿಲ್ಲದಿದ್ದರೆ ಕೃತಕ ಬಟ್ಟಲನ್ನು ಕೂರಿಸಲು ಮೂಳೆ ಕಸಿ ಬೇಕಾಗಬಹುದು. ಕುಳ್ಳಗಿರುವವರ ತೊಡೆಮೂಳೆಯ ಒಳಗಿನ ಕೊಳವೆ ಕಿರಿದಾಗಿರುವುದರಿಂದ ಸಾಮಾನ್ಯ ಅಳತೆಯ ಇಂಪ್ಲಾಂಟ್ ಹೊಂದದೇ ಇರಬಹುದು. ಎರಡೂ ಸೊಂಟ ಕೆಟ್ಟಿದ್ದರೆ ಎರಡು ಶಸ್ತ್ರಚಿಕಿತ್ಸೆ.

ದೊಡ್ಡ ಪ್ರಶ್ನೆ ಬಾಳಿಕೆಯದು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ಪ್ರಕಾರ ಕೃತಕ ಸೊಂಟದ ಕೀಲುಗಳಲ್ಲಿ ಸುಮಾರು ಶೇ 58ರಷ್ಟು 25 ವರ್ಷ ಬಾಳುತ್ತವೆ. ಎಪ್ಪತ್ತರ ಅಜ್ಜನಿಗೆ ಇದು ಒಳ್ಳೆಯ ಸುದ್ದಿ. ಮೂವತ್ತರ ಕೂಲಿ ಕಾರ್ಮಿಕನಿಗೆ? ಬ್ರಿಟನ್‌ನ ದಾಖಲೆಗಳನ್ನು ಆಧರಿಸಿ 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳುವಂತೆ, 70 ದಾಟಿದ ಮೇಲೆ ಕೀಲು ಬದಲಿಸಿಕೊಂಡವರಲ್ಲಿ ಮರು ಶಸ್ತ್ರಚಿಕಿತ್ಸೆಯ ಸಾಧ್ಯತೆ ಶೇ 5ರಷ್ಟು. 50ರ ದಶಕದ ಆರಂಭದ ಪುರುಷರಲ್ಲಿ ಅದು ಶೇ 35ರವರೆಗೆ ಏರುತ್ತದೆ. ಮರು ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ, ಖರ್ಚೂ ಹೆಚ್ಚು.

ಇನ್ನು ಬದುಕಿನ ರೀತಿ. ಕೃತಕ ಕೀಲು ಹಾಕಿಸಿಕೊಂಡವರು ಕುಕ್ಕರಗಾಲಿನಲ್ಲಿ ಕೂರಬಾರದು, ಹೆಚ್ಚು ಬಗ್ಗಬಾರದು ಎಂಬ ಸಲಹೆ ಸಾಮಾನ್ಯ. ಮಲೆನಾಡಿನ ಕೂಲಿ ಎಂದರೆ ನಾಟಿ, ಕಳೆ ಕೀಳುವುದು, ನೆಲದ ಮೇಲೆ ಕೂತು ಅಡಿಕೆ ಸುಲಿಯುವುದು. ನೋವು ಹೋಗಿ ನಡೆಯುವಂತಾದರೂ ಹಳೆಯ ಕೆಲಸಕ್ಕೆ ಮರಳುವುದು ಸುಲಭವಲ್ಲ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಆಪರೇಷನ್ ಆದ ಮರುದಿನದಿಂದಲೇ ತೊಂದರೆ.

ಯೋಜನೆಗಳು ಎಲ್ಲಿ ಎಡವುತ್ತವೆ?

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಒಬ್ಬ ರೋಗಿಗೆ ಈ ಮೊತ್ತ ಸಾಕಾಗಬಹುದು. ಆದರೆ ಇದು ಕುಟುಂಬದ ಮಿತಿ. ಅನುವಂಶಿಕ ಕಾಯಿಲೆ ಇರುವ ಮನೆಯಲ್ಲಿ ತಾಯಿ, ಮಗ, ಮಗಳು ಮೂವರಿಗೂ ಎರಡೆರಡು ಕೀಲು ಬೇಕಾಗಬಹುದು. ಯಾರ ಸೊಂಟ ಈ ವರ್ಷ, ಯಾರದು ಮುಂದಿನ ವರ್ಷ ಎಂದು ಮನೆಯವರೇ ತೀರ್ಮಾನಿಸಬೇಕಾಗುತ್ತದೆ.

ಇಂಪ್ಲಾಂಟ್ ಬೆಲೆಯ ಕಥೆ ಇನ್ನೊಂದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿತು. ಲಕ್ಷಾಂತರ ಹಿರಿಯರಿಗೆ ಅನುಕೂಲವಾದ ಆ ಆದೇಶ ಸೊಂಟದ ಕೀಲಿಗೆ ಅನ್ವಯವಾಗಲಿಲ್ಲ. ಹಂದಿಗೋಡು ಕಾಯಿಲೆ ಹೆಚ್ಚಾಗಿ ಕಾಡುವುದು ಸೊಂಟವನ್ನೇ.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಮೂಳೆ ಕಾಯಿಲೆಗಳಿಗೂ ಜಾಗ ಸಿಕ್ಕಿದೆ. ಮೂಳೆ ಅತಿಯಾಗಿ ಗಟ್ಟಿಯಾಗುವ ಆಸ್ಟಿಯೋಪೆಟ್ರೋಸಿಸ್‌ಗೆ ಅಸ್ಥಿಮಜ್ಜೆ ಕಸಿ, ಸುಲಭವಾಗಿ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾಗೆ ಬಿಸ್ಫಾಸ್ಫೊನೇಟ್ ಔಷಧ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ನಿಗದಿತ ಉತ್ಕೃಷ್ಟತಾ ಕೇಂದ್ರಗಳಲ್ಲಿ ₹50 ಲಕ್ಷದವರೆಗೆ ನೆರವು ಉಂಟು. ದೆಹಲಿಯ ಏಮ್ಸ್, ಮುಂಬೈನ ಕೆಇಎಂ, ಹೈದರಾಬಾದ್‌ನ ಸಿಡಿಎಫ್‌ಡಿ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಈ ಕೇಂದ್ರಗಳಲ್ಲಿ ಸೇರಿವೆ. ಹೊರರಾಜ್ಯದ ಕನ್ನಡಿಗರು ತಮ್ಮ ಮನೆಯಲ್ಲಿ ಇಂಥ ಕಾಯಿಲೆ ಇದ್ದರೆ ಊರಿಗೇ ಬರಬೇಕಿಲ್ಲ, ಹತ್ತಿರದ ಕೇಂದ್ರದಲ್ಲಿ ವಿಚಾರಿಸಬಹುದು. ಆದರೆ ಆ ನೀತಿಯ ಪಟ್ಟಿಯಲ್ಲಿ ಹಂದಿಗೋಡಿನ ಹೆಸರಿಲ್ಲ.

ರಾಜ್ಯದ ಯೋಜನೆಗಳಿರುವಾಗ ಪಟ್ಟಿ ಏಕೆ ಎಂದು ಕೇಳಬಹುದು. ಪಟ್ಟಿಗೆ ಸೇರುವುದು ಎಂದರೆ ಬರೀ ಹಣವಲ್ಲ. ನಿಗದಿತ ಕೇಂದ್ರ, ಅನುವಂಶಿಕ ಸಲಹೆ, ರೋಗಿಗಳ ನೋಂದಣಿ, ವರ್ಷಗಟ್ಟಲೆ ನಿಗಾ ಕೂಡ ಜತೆಗೆ ಬರಬೇಕು. ಯಾರಿಗೆ ಯಾವ ವರ್ಷ ಯಾವ ಇಂಪ್ಲಾಂಟ್ ಹಾಕಲಾಯಿತು, ಅದು ಸಡಿಲಾಗಿದೆಯೇ ಎಂಬ ದಾಖಲೆ ಇಲ್ಲದಿದ್ದರೆ 15 ವರ್ಷಗಳ ನಂತರ ಬರುವ ವೈದ್ಯರು ಕತ್ತಲಲ್ಲಿ ಕೆಲಸ ಮಾಡಬೇಕಾಗುತ್ತದೆ.

ಆಗಬೇಕಾದ್ದೇನು?

ಇದು ಖಜಾನೆ ಬರಿದಾಗಿಸುವ ಬೇಡಿಕೆಯಲ್ಲ. ಕಾಯಿಲೆ ಎರಡು ಜಿಲ್ಲೆಗಳ ಗುರುತಿಸಬಹುದಾದ ಕುಟುಂಬಗಳಿಗೆ ಸೀಮಿತ. ಮೊದಲನೆಯದಾಗಿ, ಆ ಕುಟುಂಬಗಳ ಮಕ್ಕಳಿಗೆ ನಿಯಮಿತ ಎಕ್ಸ್‌ರೇ ತಪಾಸಣೆ ಮತ್ತು ಶಾಶ್ವತ ನೋಂದಣಿ ಬೇಕು. ಎರಡನೆಯದು, ಈ ರೋಗಿಗಳ ಮಟ್ಟಿಗೆ ಚಿಕಿತ್ಸೆಯ ಮಿತಿಯನ್ನು ಕುಟುಂಬದ ಬದಲು ವ್ಯಕ್ತಿಗೆ ಅನ್ವಯಿಸಿ, ಮರು ಶಸ್ತ್ರಚಿಕಿತ್ಸೆಯನ್ನೂ ಸೇರಿಸಬೇಕು. ಮೂರನೆಯದು, ಆಪರೇಷನ್ ನಂತರದ ಫಿಸಿಯೋಥೆರಪಿ, ಕಮೋಡ್ ಇರುವ ಶೌಚಾಲಯ ಮತ್ತು ಕೂತು ಮಾಡಬಹುದಾದ ಕೆಲಸ ಚಿಕಿತ್ಸೆಯ ಭಾಗವಾಗಬೇಕು.

ಬೇಗ ಶಾಲೆಗೆ ಹೋಗಿ ಓದಿದ ಮಗುವಿಗೆ ಕುರ್ಚಿಯ ಮೇಲಿನ ಕೆಲಸ ಸಿಗಬಹುದು. ಅಂಥ ಕೆಲಸ ಸೊಂಟದ ಕೀಲಿನ ಆಯಸ್ಸನ್ನೂ ಹೆಚ್ಚಿಸಬಹುದು. ಆ ಮಗುವಿನ ನಡಿಗೆ ವಾಲುವವರೆಗೆ ಕಾದು, ನಂತರ ಒಂದು ಆಪರೇಷನ್ ಮಾಡಿಸಿ ಕೈತೊಳೆದುಕೊಂಡರೆ ಹಂದಿಗೋಡಿನ ಮುಂದಿನ ಐವತ್ತು ವರ್ಷಗಳೂ ಹೀಗೆಯೇ ಕಳೆಯುತ್ತವೆ.